ರೇಡಿಯೊಗೆ ತಿಥಿ ಮಾಡಿದ ಜೋಡಿ

ರೇಡಿಯೊ ಗಟ್ಟಿಮುಟ್ಟಾಗಿ ಹಾಡಿಕೊಂಡಿದ್ದಾಗಲೇ ಅದರ ತಿಥಿ ಮಾಡಿ ಮುಗಿಸಿದವರು ಲಂಡನ್ನಿನ ಇಬ್ಬರು: ಟ್ರೆವರ್ ಹಾರ್ನ್, ಜೆಫ್ ಡೌನ್ಸ್. ಬ್ಯಾಂಡಿನ ಹೆಸರು ‘ದ ಬಗಲ್ಸ್’, ಹಾಡು ‘ವಿಡಿಯೊ ಕಿಲ್ಡ್ ದ ರೇಡಿಯೊ ಸ್ಟಾರ್’. (ಬರೆಯೋಕೆ ಬ್ರೂಸ್ ವೂಲಿ ಎಂಬ ಮೂರನೆಯವರೂ ಕೈಜೋಡಿಸಿದ್ದರು. ಅವರನ್ನು ಯಾರು ಕೇಳ್ತಾರೆ ಬಿಡಿ.) 1979ರ ಅಕ್ಟೋಬರಿನಲ್ಲಿ ಅದು ಬ್ರಿಟನ್ನಿನ ನಂಬರ್ ಒನ್. ಅಷ್ಟೆತ್ತರಕ್ಕೆ ಹತ್ತಿಸಿದ್ದು ಯಾರು ಅಂತೀರಿ? ರೇಡಿಯೊನೇ! ತನ್ನ ಸಾವಿನ ಸುದ್ದಿಯನ್ನು ತಾನೇ ಊರಿಗೆಲ್ಲ ಸಾರಿಕೊಂಡು ಬಂತು, ಪಾಪ.

ವಿಡಿಯೊ ನೋಡಿದ್ದೀರಾ? ಮುಖದ ಅರ್ಧ ನುಂಗಿದ ಕನ್ನಡಕ ಹಾಕಿಕೊಂಡು ಹಾರ್ನ್ ಹಾಡುತ್ತಾರೆ. ಕರಿ ಬಟ್ಟೆ ತೊಟ್ಟು ಕೀಬೋರ್ಡ್ ಒತ್ತುತ್ತಾ ಒಂದೆರಡು ಕ್ಷಣ ಕಂಡು ಮಾಯವಾಗುವ ಹುಡುಗನನ್ನು ಬಿಟ್ಟೀರಿ, ಆತ ಮುಂದೆ ಹಾಲಿವುಡ್ ಸಿನಿಮಾ ಸಂಗೀತದ ದೊಡ್ಡ ಹೆಸರಾದ ಹಾನ್ಸ್ ಝಿಮರ್!

1981ರ ಆಗಸ್ಟ್ 1ರ ನಡುರಾತ್ರಿ ಅಮೆರಿಕದಲ್ಲಿ ಎಂಟಿವಿ ಶುರುವಾದಾಗ ಮೊದಲು ಬಂದದ್ದು ಇದೇ ವಿಡಿಯೊ. ಚಾನೆಲ್ ಆಗ ಮ್ಯಾನ್‌ಹಟನ್ನಿನಲ್ಲೇ ಸಿಗುತ್ತಿರಲಿಲ್ಲ. ಕಟ್ಟಿದವರೇ ನದಿ ದಾಟಿ, ನ್ಯೂ ಜೆರ್ಸಿಯ ಫೋರ್ಟ್ ಲೀಯ ಹೋಟೆಲೊಂದರ ನೆಲಮಾಳಿಗೆಯಲ್ಲಿ ಕೂತು ನೋಡಬೇಕಾಯಿತು. ಅಷ್ಟರಲ್ಲಿ ಜೋಡಿ ಎಲ್ಲಿತ್ತು? 1980ರಲ್ಲೇ ಇಬ್ಬರೂ ‘ಯೆಸ್’ ಬ್ಯಾಂಡಿಗೆ ಹೋಗಿ ಒಂದು ಆಲ್ಬಂ ಮಾಡಿದ್ದರು. ಆಮೇಲೆ ಡೌನ್ಸ್ ‘ಏಷ್ಯಾ’ ಬ್ಯಾಂಡಿನ ಕಡೆ ನಡೆದರು, ಬಗಲ್ಸಿನ ಎರಡನೇ ಆಲ್ಬಂ ಬಹುಪಾಲು ಹಾರ್ನ್ ತಲೆಗೇ ಬಂತು.

ಇನ್ನೂ ಸ್ವಾರಸ್ಯ ನಮ್ಮ ಕಡೆಯದು. 1982ರ ‘ಡಿಸ್ಕೊ ಡ್ಯಾನ್ಸರ್’ ಚಿತ್ರಕ್ಕೆ ಬಪ್ಪಿ ಲಾಹಿರಿ ಈ ಟ್ಯೂನಿನಿಂದ ‘ಸ್ಫೂರ್ತಿ’ ಪಡೆದರು. ಎಷ್ಟು ಸ್ಫೂರ್ತಿ ಅಂದರೆ, ಉಷಾ ಉತ್ತುಪ್ ಜೊತೆ ಹಾಡಿದ ‘ಔವಾ ಔವಾ’ ಕೇಳಿದ ಬಗಲ್ಸ್ ಅಭಿಮಾನಿ ಕುರ್ಚಿಯಿಂದ ಎದ್ದು ನಿಲ್ಲಬೇಕು. ಆ ಸಿನಿಮಾ ಸೋವಿಯತ್ ಒಕ್ಕೂಟದಲ್ಲಿ ಹುಚ್ಚುಹೊಳೆಯಾಗಿ ಓಡಿತು. ಲಂಡನ್ನಿನ ರಾಗ ಮುಂಬೈಗೆ ಬಂದು ಹಿಂದಿ ಕಲಿತು ಮಾಸ್ಕೊ ಸೇರಿತು ನೋಡಿ, ವೀಸಾ ಕೇಳಿದವರಿಲ್ಲ.

ಹಾರ್ನ್ ಮಾತ್ರ ಮೈಕು ಬಿಟ್ಟು, ಹಾಡುಗಳ ನಿರ್ಮಾಪಕರಾಗಿ ಸ್ಟುಡಿಯೊ ಕನ್ಸೋಲಿನ ಹಿಂದೆ ಕೂತು ದೊಡ್ಡ ಮನುಷ್ಯರಾದರು: ‘ರಿಲ್ಯಾಕ್ಸ್’, ‘ಓನರ್ ಆಫ್ ಎ ಲೋನ್ಲಿ ಹಾರ್ಟ್’, ಗಾಯಕ ಸೀಲ್‌ನ ‘ಕಿಸ್ ಫ್ರಮ್ ಎ ರೋಸ್’ ಎಲ್ಲ ಅವರದೇ ಕೈಚಳಕ. 2023ರಲ್ಲಿ ಅದೇ ಸೀಲ್ ಅಮೆರಿಕ ಪ್ರವಾಸ ಹೊರಟಾಗ ಮೊದಲು ವೇದಿಕೆ ಹತ್ತಿದ್ದು ಬಗಲ್ಸ್. ಡೌನ್ಸ್ ಇರಲಿಲ್ಲ. ಜೋಡಿ ಅಂತ ಬಂದದ್ದು ಹಾರ್ನ್ ಒಬ್ಬರೇ.