ಹೆಡರ್ ಸರ್

ಆಫೀಸಿನಲ್ಲಿ ಎಲ್ಲರೂ ಅವರನ್ನು ಕರೆಯುವುದು ‘ಹೆಡರ್ ಸರ್’ ಎಂದೇ. ಎದುರಿಗಲ್ಲ, ಕ್ಯಾಂಟೀನಿನಲ್ಲಿ. ಬೆಂಗಳೂರಿನ ಯಾವ ಸಾಫ್ಟ್‌ವೇರ್ ಕಂಪನಿಗೆ ಹೋದರೂ ಇಂಥವರೊಬ್ಬರು ಸಿಗುತ್ತಾರೆ. ನೀವು ಪುಟ ತೋರಿಸಿದರೆ ಪುಟ ನೋಡುವುದಿಲ್ಲ. ಎಫ್12 ಒತ್ತಿ ನೆಟ್‌ವರ್ಕ್ ಟ್ಯಾಬ್ ತೆರೆಯುತ್ತಾರೆ. ಹೆಣ್ಣು ನೋಡಲು ಹೋಗಿ ಹುಡುಗಿಯತ್ತ ತಿರುಗದೆ ಜಾತಕ ಕೇಳುವ ಸೋದರಮಾವನ ಪೈಕಿ.

ಮೊನ್ನೆ ಹೊಸ ಹುಡುಗನೊಬ್ಬ ವೆಬ್ ಎಪಿಐ ಕಂಟ್ರೋಲರಿನಿಂದ ರಸೀದಿ ಪುಟ ಕಳಿಸಬೇಕಿತ್ತು. ಎಚ್‌ಟಿಎಮ್‌ಎಲ್ ಅನ್ನು ಸ್ಟ್ರಿಂಗಿನಲ್ಲಿ ತುಂಬಿ ರಿಟರ್ನ್ ಮಾಡಿದ. ಬ್ರೌಸರಿನಲ್ಲಿ ರಸೀದಿಯ ಬದಲು ಟ್ಯಾಗುಗಳೇ ಸಾಲುಗಟ್ಟಿ ನಿಂತವು. ಸರ್ ಬಂದರು, ಕನ್ನಡಕ ಹಣೆಗೇರಿಸಿದರು.

“ಕಂಟೆಂಟ್-ಟೈಪ್ ಏನು ಹೋಗ್ತಿದೆಯಪ್ಪಾ?”

ಉತ್ತರ ಅವರಿಗೆ ಗೊತ್ತು. ಒಂದೇ ಮಾತಿನಲ್ಲಿ ಹೇಳುವುದಿಲ್ಲ. ಎಎಸ್‌ಪಿ ಡಾಟ್ ನೆಟ್ ಕೋರ್‌ನಲ್ಲಿ ಬರೀ ಸ್ಟ್ರಿಂಗ್ ಕೊಟ್ಟರೆ ಟೆಕ್ಸ್ಟ್/ಪ್ಲೇನ್ ಆಗಿ ಹೋಗುತ್ತದೆ ಎಂದು ಶುರುಮಾಡಿ, ಹಳೆಯ ವೆಬ್ ಎಪಿಐನಲ್ಲಿ ಅದೇ ಸ್ಟ್ರಿಂಗ್ ಎಕ್ಸ್‌ಎಮ್‌ಎಲ್ ಟ್ಯಾಗಿನೊಳಗೋ ಜೇಸನ್‌ನ ಡಬಲ್ ಕೋಟಿನೊಳಗೋ ಸಿಕ್ಕಿಬೀಳುತ್ತಿದ್ದ ಕಥೆಗೆ ಬರುವಷ್ಟರಲ್ಲಿ ಕಾಫಿ ತಣ್ಣಗಾಗಿತ್ತು. ನನ್ನ ಕಾಫಿ, ನನ್ನನ್ನೇಕೆ ನಿಲ್ಲಿಸಿಕೊಂಡಿದ್ದರೋ. ಕೊನೆಗೆ ಹುಡುಗನೇ ‘ಕಂಟೆಂಟ್’ ಮೆಥಡ್ಡಿಗೆ ಎರಡನೆಯ ಆರ್ಗ್ಯುಮೆಂಟಾಗಿ ಟೆಕ್ಸ್ಟ್/ಎಚ್‌ಟಿಎಮ್‌ಎಲ್ ಸೇರಿಸಿದ. ರಸೀದಿ ಮೂಡಿತು. ನಾವು ಬ್ಯಾಗು ಹೆಗಲಿಗೇರಿಸಿದೆವು.

“ಚಾರ್‌ಸೆಟ್?” ಎಂದರು.

ನೋಡಿದರೆ, ರಸೀದಿಯ ತಲೆಬರಹದಲ್ಲಿ ಕನ್ನಡದ ಜಾಗಕ್ಕೆ ನೆತ್ತಿಯ ಮೇಲೆ ಗೀಟು ಹೊತ್ತ ಇಂಗ್ಲಿಷ್ ಎ, ಪುಟಾಣಿ 2, ಚುಕ್ಕಿ. ಯುಟಿಎಫ್-8ರಲ್ಲಿ ಒಂದು ‘ಕ’ಗೆ 3 ಬೈಟ್, ಅದರ ಗುಣಿತದ ಚಿಹ್ನೆಗೆ ಮತ್ತೆ 3. ಯಾವ ಎನ್‌ಕೋಡಿಂಗ್ ಎಂದು ಹೆಡರಿನಲ್ಲೋ ಪುಟದಲ್ಲೋ ಹೇಳದಿದ್ದರೆ ಬ್ರೌಸರು ಒಂದೊಂದು ಬೈಟನ್ನೂ ಒಂದೊಂದು ಅಕ್ಷರವೆಂದು ಓದಿಬಿಡಬಹುದು. ಮುಕ್ಕಾಲುಪಾಲು ಕನ್ನಡಿಗರೇ ಇರುವ ನಮ್ಮ ಟೀಮು ಟೆಸ್ಟ್ ಮಾಡಿದ್ದು ಇಂಗ್ಲಿಷ್ ರಸೀದಿಯನ್ನು ಮಾತ್ರ.

ಸರ್ ಟೆಸ್ಟ್ ಮಾಡಲು ಕೂತರೆ, ಹೆಸರು ಕೇಳುವ ಜಾಗದಲ್ಲಿ ತುಂಬುವುದು ಸ್ಕ್ರಿಪ್ಟ್ ಟ್ಯಾಗು. ಎನ್‌ಕೋಡ್ ಮಾಡದೆ ಪುಟಕ್ಕೆ ಸೇರಿಸಿದವನ ಕಥೆ ಅಲ್ಲಿಗೆ ಮುಗಿಯಿತು. ಇಷ್ಟು ದೊಡ್ಡ ಹೆಡರ್‌ಪ್ರೇಮಿಯ ಇಮೇಲುಗಳಿಗೆ ಮಾತ್ರ ಸಬ್ಜೆಕ್ಟೇ ಇರುವುದಿಲ್ಲ.

ಅವತ್ತು ಲಿಫ್ಟಿನಲ್ಲಿ ತಾವಾಗಿಯೇ ಮಾತು ತೆಗೆದರು. ಯೂನಿಕೋಡ್ ಇನ್ನೂ ರೂಢಿಗೆ ಬಾರದೆ, ಬರಹ, ನುಡಿಯ ಹಳೇ ಫಾಂಟುಗಳಲ್ಲಿ ಟೈಪ್ ಮಾಡುತ್ತಿದ್ದ ಕಾಲ. ಊರಿನಲ್ಲಿದ್ದ ಅಪ್ಪನಿಗೆ ಕನ್ನಡದಲ್ಲೇ ಕಾಗದ ಬರೆದು ಇಮೇಲ್ ಮಾಡಿದ್ದರಂತೆ. ಸೈಬರ್ ಕೆಫೆಯ ಕಂಪ್ಯೂಟರಿನಲ್ಲಿ ಆ ಫಾಂಟ್ ಇರಲಿಲ್ಲ.

“ಒಂದಕ್ಷರ ಓದಕ್ಕಾಗಲ್ಲ. ಆದ್ರೂ ಪ್ರಿಂಟ್ ತೆಗೆಸಿ ಇಟ್ಕೊಂಡಿದ್ರು ಕಣಯ್ಯಾ.”

ಮರುದಿನ ಹುಡುಗನ ಕೋಡಿನ ಕೆಳಗೆ ಅವರ ಕಾಮೆಂಟ್ ಬಂದಿತ್ತು: “ಅಪ್ರೂವ್ಡ್. ಆದರೆ ನೋಸ್ನಿಫ್ ಹೆಡರ್ ಎಲ್ಲಿ?” ಹುಡುಗ ಅಂದು ರಜೆ ಹಾಕಿದ್ದ. ಉತ್ತರ ಕೊಡಬೇಕಾದವರ ಪಟ್ಟಿಯಲ್ಲಿ ನನ್ನ ಹೆಸರಿತ್ತು.