ಪಾಯಿಂಟ್ ರಾಯರು

ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿಗೆ ಹೋದರೂ ಇಂಥವರೊಬ್ಬರು ಸಿಗುತ್ತಾರೆ. ಸಾಫ್ಟ್‌ವೇರ್ ಕೆಲಸ, ಮುಂದೆ ಬಂದ ಹೊಟ್ಟೆ, ಮನೆಯಲ್ಲಿ ಒಂದು ಕಾಲು ಮುರಿದ ಸೋಫಾ. ಬದಲಾಯಿಸಬಾರದೇ ಅಂದರೆ, ‘ಹೊರಟು ನಿಂತೋರು ನಾವು, ಸುಮ್ನೆ ಯಾಕೆ ಖರ್ಚು?’ ಅನ್ನುತ್ತಾರೆ. ಈ ಮಾತು ಶುರುವಾದಾಗ ಮಗಳು ಎಲ್‌ಕೆಜಿ, ಈಗ ನಾಲ್ಕನೇ ಕ್ಲಾಸು. ಹೊರಟಿರುವುದು ಆಸ್ಟ್ರೇಲಿಯಾಕ್ಕೆ, ಸಬ್‌ಕ್ಲಾಸ್ 189 ಎಂಬ ನುರಿತ ಕೆಲಸಗಾರರ ವೀಸಾದ ಮೇಲೆ. ನಮ್ಮ ಕಟ್ಟಡದವರು ಇವರನ್ನು ಪಾಯಿಂಟ್ ರಾಯರು ಎಂದೇ ಕರೆಯುತ್ತಾರೆ.

ಆ ದೇಶದವರು ಮನುಷ್ಯನನ್ನು ತೂಗುವುದು ಅಂಕದಲ್ಲಿ. 25 ತುಂಬಿ 33 ತುಂಬುವ ತನಕ ವಯಸ್ಸಿಗೆ 30 ಅಂಕ, ಆಮೇಲೆ 25, 40 ತುಂಬಿತೋ 15. 45ಕ್ಕೆ ಬಾಗಿಲು ಬಂದ್. ಹೀಗಾಗಿ ರಾಯರ ಮನೆಯಲ್ಲಿ ಹುಟ್ಟುಹಬ್ಬವೆಂದರೆ ಸೂತಕ. ನಲವತ್ತು ತುಂಬಿದ ದಿನ ಹೆಂಡತಿ ಶಾವಿಗೆ ಪಾಯಸ ಬಡಿಸಲು ಬಂದರೆ, ‘ಒಂದೇ ರಾತ್ರೀಲಿ ಹತ್ತು ಹೋಯ್ತಲ್ಲೇ!’ ಎಂದು ಎಲೆಯ ಮುಂದೆ ಕೂತು ನಿಟ್ಟುಸಿರುಬಿಟ್ಟರು.

ಸಂಸಾರಕ್ಕೂ ಅಲ್ಲಿ ಬೆಲೆ ಕಟ್ಟುತ್ತಾರೆ. ಮದುವೆಯಾಗದವನಿಗೆ 10. ಮದುವೆಯಾಗಿದ್ದು, ಹೆಂಡತಿ ಇಂಗ್ಲಿಷ್ ಪರೀಕ್ಷೆ ಮಾತ್ರ ಪಾಸಾದರೆ 5. ಈ ಲೆಕ್ಕವನ್ನು ರಾಯರು ಹೆಂಡತಿಯ ಎದುರೇ ನೆಂಟರಿಗೆ ವಿವರಿಸುತ್ತಾರೆ. ಆಕೆ ಕಾಫಿ ಲೋಟ ಕುಕ್ಕಿ, ‘ನಾನು ತವರಿಗೆ ಹೋಗ್ತೀನಿ ರೀ, ನೀವು ಪೂರ್ತಿ ಹತ್ತು ತಗೊಳ್ಳಿ’ ಅಂದರೆ, ರಾಯರು ಅರೆಗಳಿಗೆ ಯೋಚಿಸುತ್ತಾರೆ. ಆ ಅರೆಗಳಿಗೆಗೇ ಮನೆಯಲ್ಲಿ ಒಂದು ವಾರ ಮಾತಿಲ್ಲ.

ಒಟ್ಟು 65 ಇದ್ದರೆ ಸಾಲಿನಲ್ಲಿ ನಿಲ್ಲಬಹುದು, ಅಷ್ಟೇ. ಕರೆ ಬರುವುದು ಹೆಚ್ಚು ಅಂಕದವರಿಗೆ ಮೊದಲು. ‘ನನಗೆ ಆಸಕ್ತಿಯಿದೆ’ ಎಂದು ಬರೆದುಕೊಟ್ಟರೆ ಆ ಆಸಕ್ತಿಗೆ 2 ವರ್ಷ ಆಯುಸ್ಸು. ಅದು ತೀರಿಹೋದರೆ ಮತ್ತೆ ಆಸಕ್ತಿ ತಂದುಕೊಳ್ಳಬೇಕು. ರಾಯರು ಮುಂಜಾಗ್ರತೆಯ ಮನುಷ್ಯ. ಕರೆ ಬರುವ ಮೊದಲೇ ಪೊಲೀಸ್ ಕ್ಲಿಯರೆನ್ಸ್ ತಂದಿಟ್ಟರು. ಅದು ವರ್ಷಕ್ಕೆ ಹಳಸಿತು, ಇನ್ನೊಂದು ತಂದರು. ಈಗ ಪರಿಶೀಲನೆಗೆ ಬರುವ ಕಾನ್‌ಸ್ಟೇಬಲ್, ‘ಏನ್ ಸಾರ್, ಇನ್ನೂ ಇಲ್ಲೇ ಇದೀರಾ?’ ಎಂದು ಕುಶಲ ವಿಚಾರಿಸಿ ಕಾಫಿ ಕುಡಿದು ಹೋಗುತ್ತಾರೆ.

ಕ್ಯಾನ್‌ಬೆರಾದಲ್ಲಿ ಕಚೇರಿ ತೆರೆಯುವ ಹೊತ್ತೆಂದು ರಾಯರು ನಸುಕಿನ ನಾಲ್ಕೂವರೆಗೇ ಎದ್ದು ಇ-ಮೇಲ್ ನೋಡುತ್ತಾರೆ. ಡಾಕ್ಟರು ವಾಕಿಂಗಿಗೆ ಏಳಿ ಅಂದಾಗ ಏಳದ ಜೀವ! ಬಂದಿರುವುದು ಸಾಲ ಕೊಡುತ್ತೇವೆಂಬ ಬ್ಯಾಂಕಿನ ಪತ್ರ. ಹಾಸನದ ಕೋರ್ಟಿನಲ್ಲಿ ಜಮೀನಿನ ವ್ಯಾಜ್ಯ ನಡೆಸಿ ಪಳಗಿದ ಅವರ ತಾಯಿ ಒಮ್ಮೆ ಹೇಳಿಯೇಬಿಟ್ಟರು: ‘ನಮ್ಮ ಕೇಸಿಗೆ ವಾಯಿದೆ ಆದ್ರೂ ಕೊಡ್ತಿದ್ರು ಕಣೋ. ನಿಂದಕ್ಕೆ ತಾರೀಖೇ ಇಲ್ವಲ್ಲೋ!’

ಈಚೆಗೆ ರಾಯರ ಮುಖದಲ್ಲಿ ಕಳೆ ಬಂದಿದೆ. ನಾಟಿ ಎಂಬ ಆಸ್ಟ್ರೇಲಿಯಾದ ಸಂಸ್ಥೆ ನಡೆಸುವ ಭಾಷಾ ಪರೀಕ್ಷೆಯ ಪಟ್ಟಿಯಲ್ಲಿ ಕನ್ನಡವೂ ಇದೆ, ಪಾಸಾದರೆ 5 ಅಂಕ ಎಂದು ಗೊತ್ತಾಗಿದೆ. ಆಸ್ಪತ್ರೆ, ವಿಮೆ, ಕಾನೂನು ಇಂಥ ವಿಷಯದ ಎರಡು ಸಂಭಾಷಣೆಗಳನ್ನು ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ ಹೇಳಬೇಕು; 90ಕ್ಕೆ ಕನಿಷ್ಠ 63 ಬರಬೇಕು. ಆಸ್ಟ್ರೇಲಿಯಾಕ್ಕೆ ಹೋಗುವ ಮಗು ಎಂದು ಮಗಳಿಗೆ ಮನೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಆಡಗೊಡದಿದ್ದವರು ಈಗ ತಾಯಿಯ ಎದುರು ಕೂತು ‘ಜಾಮೀನು’, ‘ಪಿತ್ತಕೋಶ’, ‘ಪರಿಹಾರಧನ’ ಎಂದು ಒಪ್ಪಿಸುತ್ತಾರೆ. ತಪ್ಪಿದರೆ ತಾಯಿ ಗದರುತ್ತಾರೆ. ಮಗಳು ಅಜ್ಜಿಯ ಮಗ್ಗುಲಲ್ಲಿ ಕೂತು ಅಪ್ಪನಿಗಿಂತ ಮೊದಲು ಕಲಿಯುತ್ತಿದ್ದಾಳೆ.

ಕನ್ನಡ ಕಲಿಸಲು ನಮ್ಮವರಿಂದ ಆಗದ್ದನ್ನು ಆಸ್ಟ್ರೇಲಿಯಾ ಸರಕಾರ ಐದೇ ಅಂಕದಲ್ಲಿ ಮಾಡಿಸಿದೆ. ನಿಮ್ಮ ಕಟ್ಟಡದಲ್ಲೂ ಇಂಥ ರಾಯರಿದ್ದರೆ ಒಂದು ಉಪಕಾರ ಮಾಡಿ: ‘ವೀಸಾ ಏನಾಯ್ತು?’ ಎಂದು ಕೇಳಬೇಡಿ, ಹುಟ್ಟುಹಬ್ಬಕ್ಕೆ ಶುಭಾಶಯವನ್ನಂತೂ ಹೇಳಲೇಬೇಡಿ.