ಅಲ್ಲಾಡಬೇಡ್ವೋ!

ನಮ್ಮ ಭಾವ ಯಾರ ಮನೆಗೆ ಹೋದರೂ ಮೊದಲು ನೋಡುವುದು ಮನೆಯವರ ಮುಖವನ್ನಲ್ಲ, ಸೂರನ್ನು. ಅದು ಬಿಳಿಯಿದ್ದರೆ ಆ ಮನೆಯವರು ಸಜ್ಜನರು. ಕ್ಯಾಮೆರಾದ ಫ್ಲ್ಯಾಶನ್ನು ಮೇಲಕ್ಕೆ ತಿರುಗಿಸಿ ಬೆಳಕನ್ನು ಮೆತ್ತಗೆ ಇಳಿಸಬಹುದು. ಹಸಿರಿದ್ದರೆ ಮುಗಿಯಿತು, ಮದುಮಗಳು ಹೀರೇಕಾಯಿ. ಹೆಗಲಲ್ಲಿ ಚೀಲ, ಜೇಬಲ್ಲಿ ಸೆಲ್ಲು, ಬಾಯಲ್ಲಿ ಉಪದೇಶ. ಇಂಥವರೊಬ್ಬರು ಪ್ರತಿ ಬಳಗದಲ್ಲೂ ಇರುತ್ತಾರೆ. ದುಡ್ಡು ಕೊಟ್ಟು ಕರೆಸಿದ ಫೋಟೋಗ್ರಾಫರಿಗೆ ಅಡ್ಡ ನಿಲ್ಲುವುದು ಅವರ ಆಜನ್ಮಸಿದ್ಧ ಹಕ್ಕು.

"ನೋಡಪ್ಪಾ, ಫ್ಲ್ಯಾಶ್ ಅಂದ್ರೆ ಮುಯ್ಯಿ ಕೊಟ್ಟು ಓಡೋ ನೆಂಟ. ಬಾಗಿಲು ಎಷ್ಟು ಹೊತ್ತು ತೆಗೆದಿದ್ರೂ ಅವನಿರೋದು ಒಂದೇ ಕ್ಷಣ. ಛತ್ರದ ಬಲ್ಬಿನ ಬೆಳಕು ಹಾಗಲ್ಲ, ಬಾಗಿಲು ತೆಗೆದಷ್ಟು ಹೊತ್ತೂ ಒಳಗೆ ಬರ್ತಾನೇ ಇರುತ್ತೆ. ಇಬ್ಬರನ್ನೂ ಒಂದೇ ಪಂಕ್ತೀಲಿ ಕೂರಿಸೋದೇ ವಿದ್ಯೆ." ಬಾಗಿಲೆಂದರೆ ಶಟರು. ಭಾವ ಇದರಲ್ಲಿ ಯಾವ ಬಗೆಯ ನೆಂಟರೆಂದು ನಾನು ಹೇಳುವುದಿಲ್ಲ, ಅಕ್ಕ ಇದನ್ನು ಓದುತ್ತಾಳೆ.

ನನ್ನ ಮದುವೆ. ಗಟ್ಟಿಮೇಳ ಮೊಳಗಿ ಮೊದಲ ಗಂಟು ಬಿದ್ದಿತ್ತು. "ನಿಲ್ಸೋ!" ಎಂದರು ಭಾವ. ಶಟರು 1/60 ಸೆಕೆಂಡು ತೆರೆದರೆ ನಮ್ಮ ಮುಖ ಬರುತ್ತದೆ, ಹಿಂದೆಲ್ಲ ಅಮಾವಾಸ್ಯೆ, 1/15ಕ್ಕೆ ಇಳಿಸಬೇಕು, ಆದ್ದರಿಂದ "ಅಲ್ಲಾಡಬೇಡ್ವೋ!" ಅಷ್ಟರಲ್ಲಿ ಇನ್ನೊಂದು ಜ್ಞಾನೋದಯ: ಬಲ್ಬಿನ ಬೆಳಕು ಸುಮಾರು 3200 ಕೆಲ್ವಿನ್, ಹಳದಿ, ಫ್ಲ್ಯಾಶಿನದು 5500, ಬಿಳಿ. ಎರಡೂ ಒಂದೇ ಬಣ್ಣವಾಗಲೆಂದು ಯಾರದೋ ಉಡುಗೊರೆಗೆ ಸುತ್ತಿದ್ದ ಕಿತ್ತಳೆ ಬಣ್ಣದ ಜಿಲೇಟಿನ್ ಕಾಗದ ಹರಿದು ಫ್ಲ್ಯಾಶಿನ ಮೂತಿಗೆ ಕಟ್ಟಿದರು. ಓಲಗದವರ ಕೆನ್ನೆ ಉಬ್ಬಿಯೇ ಇತ್ತು. ಪುರೋಹಿತರು ಮುಗಿದ ಮಂತ್ರವನ್ನು ಮತ್ತೆ ಮೊದಲಿಂದ ಹಿಡಿದರು. ಒಂದನೇ ಗಂಟಿಗೂ ಎರಡನೇ ಗಂಟಿಗೂ ನಡುವೆ ಮನಸ್ಸು ಬದಲಾಯಿಸಲು ಇಷ್ಟು ಕಾಲಾವಕಾಶ ಸಿಕ್ಕ ವರ ನಾನೊಬ್ಬನೇ ಇರಬೇಕು. ವಧುವಿಗೂ ಸಿಕ್ಕಿತ್ತು, ನನ್ನ ಪುಣ್ಯ, ಬಳಸಿಕೊಳ್ಳಲಿಲ್ಲ.

ದುಡ್ಡು ಕೊಟ್ಟು ಮಾಡಿಸಿದ ಆಲ್ಬಮಿನಲ್ಲಿ ನಮ್ಮಿಬ್ಬರ ಮುಖಕ್ಕೆ ಸುಣ್ಣ ಬಳಿದಂತಿದೆ, ಹಿಂದೆ ಪ್ರಪಂಚವೇ ಇಲ್ಲ. ಭಾವನ ಚಿತ್ರದಲ್ಲಿ ನನ್ನ ಕೈ ನಡುಗಿ ತಾಳಿ ಎರಡೆರಡಾಗಿ ಕಾಣುತ್ತದೆ. ಆದರೆ ಹಿಂದಿನ ಕಂಬದ ಪಕ್ಕ, ಬಲ್ಬಿನ ಹಳದಿ ಬೆಳಕಲ್ಲಿ, ಅಪ್ಪ ಶಲ್ಯದ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದಾರೆ. ಅವರು ಅತ್ತದ್ದನ್ನು ನಾನು ಬೇರೆಲ್ಲೂ ಕಂಡವನಲ್ಲ. ಮುಂದೆ ನಿಂತವರಿಗೆ ಬೆಳಕು ಬಿಡಲು ಯಾರಾದರೂ ಇದ್ದೇ ಇರುತ್ತಾರೆ. ಹಿಂದೆ ನಿಂತವರಿಗಾಗಿ ಬಾಗಿಲನ್ನು ಇನ್ನಷ್ಟು ಹೊತ್ತು ತೆರೆದಿಡಬೇಕು... ಅಯ್ಯೋ, ನನಗೂ ಭಾವನ ಗಾಳಿ ಸೋಕಿತು.

ಮೊನ್ನೆ ಮಗಳ ನಿಶ್ಚಿತಾರ್ಥ. ನಾನು ಹೋಗಿ ಕಂಬದ ಪಕ್ಕ ನಿಂತೆ. ಭಾವ ಕ್ಯಾಮೆರಾ ಎತ್ತಿದರು, ಇಳಿಸಿದರು, ಮತ್ತೆ ಎತ್ತಿದರು. ಎಲೆಯ ಮೇಲೆ ಸಾರು ಆರುತ್ತಿತ್ತು, ಬೀಗರು ಗಡಿಯಾರ ನೋಡುತ್ತಿದ್ದರು. ನಾನು ಅಲ್ಲಾಡಲಿಲ್ಲ.